ಸುಮಿತಾ ಹೆಸರಿಗೆ ಬಂದ ಕರೆ

"ನನ್ನ ನಂಬರ್ ಯಾರಿಗೆಲ್ಲ ಕೊಟ್ಟಿದ್ದೀರಿ?"

ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಕೇಳಿದವಳು ಅಶ್ವಿತಾ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಾಯಿಲಪ್ಪನವರ ಮಗಳು. ರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ.

ಎದುರಿಗೆ ಬೈಕಿನ ಮೇಲೆ ಒಂದು ಕಾಲೂರಿ ನಿಂತಿದ್ದವನು ಮಂಜೇಶ್. ಆನೆ ಕಾವಲಿಗೆಂದು ಗುತ್ತಿಗೆ ಮೇಲೆ ಬಂದಿದ್ದ ಶನಿವಾರಸಂತೆ ಕಡೆಯ ಹುಡುಗ.

"ಯಾರಿಗೂ ಕೊಟ್ಟಿಲ್ಲ ಕಣ್ರಿ."

"ಮತ್ತೆ? ಆನೆ ಬಂದ್ರೆ ತಿಳಿಸೋ ವಾಟ್ಸಾಪ್ ಗ್ರೂಪಿಗೆ ಅಂತ ನೀವು ನಂಬರ್ ತಗೊಂಡು ಹೋದ್ಮೇಲೇ ಇದೆಲ್ಲ ಶುರುವಾಗಿದ್ದು. ದಿನಾ ಗೊತ್ತಿಲ್ಲದ ಗಂಡಸರ ಫೋನು. ನಮ್ಮಪ್ಪ ಎಂತ ಅಂದ್ಕೋಬೇಕು?"

"ನಾನು..."

"ಬೇಡ. ನಾನು ಗ್ರೂಪ್ ಬಿಟ್ಟಾಯ್ತು."

ಬಸ್ಸು ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತಳು.

ಸಿಟ್ಟಿಗಿಂತ ಅವಳಿಗೆ ಬೇಸರವೇ ಹೆಚ್ಚಾಗಿತ್ತು. ನಂಬರ್ ಕೇಳಲು ಬಂದ ದಿನ ಬಿಟ್ಟರೆ ಇಬ್ಬರೂ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ. ಆದರೆ ಅವನ ದನಿ ಅವಳಿಗೆ ಗೊತ್ತಿತ್ತು. ಬೆಳಕು ಹರಿಯುವಾಗ ಗ್ರೂಪಿನಲ್ಲಿ ಅವನ ವಾಯ್ಸ್ ಮೆಸೇಜು ಬರುತ್ತಿತ್ತು. "ಮರಿ ಜೊತೆ ಒಂದು ಗುಂಪು ಕೆರೆ ಹತ್ರ ಇದೆ. ಲೈನ್ ಮನೆಯವ್ರು ಮೇಲಿನ ದಾರೀಲಿ ಬನ್ನಿ. ಅವಸರ ಮಾಡ್ಬೇಡಿ, ಬಸ್ಸಿನವ್ರಿಗೆ ನಾನು ಹೇಳಿರ್ತೀನಿ."

ಆನೆಯ ಸುದ್ದಿಯನ್ನು ಅಷ್ಟು ಸಮಾಧಾನವಾಗಿ ಹೇಳುವವರನ್ನು ಅವಳು ಕಂಡಿರಲಿಲ್ಲ. ಕೆಲವು ದಿನ ಅದನ್ನು ಎರಡೆರಡು ಸಲ ಕೇಳುತ್ತಿದ್ದಳು. ಆನೆಗಾಗಿ ಅಲ್ಲ.

'ಇಂಥವನು ನಂಬರ್ ಹಂಚಿಬಿಟ್ಟನಲ್ಲ...'

ಮಾತು ಬಸ್‌ಸ್ಟಾಪಿನಲ್ಲೇ ಉಳಿಯಲಿಲ್ಲ. ರೈಟರ್ ಮಗಳೇ ಬಿಟ್ಟ ಮೇಲೆ ತಮಗೇಕೆ ಎಂದು ತೋಟದ ಕೂಲಿಯವರ ಲೈನ್ ಮನೆಗಳ ಅರ್ಧದಷ್ಟು ಹೆಂಗಸರು ಗ್ರೂಪ್ ಬಿಟ್ಟರು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮಂಜೇಶನನ್ನು ಕರೆಸಿ ಕೇಳಿದರಂತೆ. ಇನ್ನೊಂದು ದೂರು ಬಂದರೆ ಅವನನ್ನು ತೆಗೆದು ಬೇರೆಯವರನ್ನು ಹಾಕುತ್ತಾರಂತೆ.

ಮಾರನೆಯ ಬೆಳಿಗ್ಗೆ ಅಶ್ವಿತಾ ಮನೆಯಿಂದ ಇಳಿದು ಬಂದಾಗ ತೋಟದ ತಿರುವಿನಲ್ಲಿ ಬೈಕು ನಿಂತಿತ್ತು. ಮಂಜೇಶ್ ಅವಳ ಕಡೆ ನೋಡದೆ, ಹಿಂದೆ ಬರುತ್ತಿದ್ದ ಶಕುಂತಲಮ್ಮನಿಗೆ ಹೇಳಿದ.

"ಒಂಟಿ ಸಲಗ ಗೇಟ್ ಹತ್ರ ನಿಂತಿದೆ ಅಕ್ಕಾ. ಸುತ್ತು ಹಾಕ್ಕೊಂಡು ಹೋಗಿ."

ಶಕುಂತಲಮ್ಮ ಲೈನ್ ಮನೆಯವಳು, ಪಕ್ಕದ ಎಸ್ಟೇಟಿಗೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋಗುವವಳು. ಸುಮ್ಮನಿದ್ದು ಅಭ್ಯಾಸವಿಲ್ಲ.

"ಎಂತ ಮಂಜಣ್ಣ, ಫೋನು ಬಿಟ್ಟು ಪೋಸ್ಟ್‌ಮ್ಯಾನ್ ಆದ್ಯಾ?"

"ಗ್ರೂಪಲ್ಲಿ ಇಲ್ದೋರಿಗೂ ಆನೆ ಆನೇನೇ ಅಲ್ವಾ ಅಕ್ಕಾ."

ಅಂದಿನಿಂದ ದಿನವೂ ಅವನು ಅಲ್ಲೇ ನಿಂತ. ಅಶ್ವಿತಾಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದ, ಆದರೆ ಅವಳಿಗೆಂದು ಹೇಳುತ್ತಿರಲಿಲ್ಲ. ಅವಳೂ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಳು.

ಫೋನುಗಳು ಮಾತ್ರ ನಿಲ್ಲಲಿಲ್ಲ.

ಅವಳು ಕೆಲಸ ಮಾಡುತ್ತಿದ್ದ ಮೆಡಿಕಲ್ ಶಾಪಿನಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಒಂದು ದಿನ ಮಾತ್ರೆಗಳನ್ನು ಜೋಡಿಸುತ್ತಿದ್ದಾಗ ಫೋನು ಬಂತು. "ಹಲೋ ಮೇಡಂ" ಎಂಬಲ್ಲಿಗೇ ಕತ್ತರಿಸುವವಳು, ಅಂದು ಎರಡೂ ಕೈ ತುಂಬಿದ್ದರಿಂದ ಸ್ಪೀಕರ್ ಒತ್ತಿದಳು.

"ಹಲೋ ಮೇಡಂ, ಸುಮಿತಾ ಅವ್ರಲ್ವಾ? ನಿಮಗೆ ಬಹುಮಾನ ಬಂದಿದೆ. ಒಂದು ಓಟಿಪಿ ಬರುತ್ತೆ, ಅದನ್ನ ಹೇಳಿ."

ಮಾತ್ರೆಯ ಪೆಟ್ಟಿಗೆ ಕೈಜಾರಿತು.

ಸುಮಿತಾ...

ಆ ಹೆಸರಿನಿಂದ ಅವಳನ್ನು ಕರೆಯುವವರು ಊರಲ್ಲಿ ಯಾರೂ ಇರಲಿಲ್ಲ. ಬಿಡುವಿನಲ್ಲಿ ಫೋನಿನಲ್ಲಿ ಆಡುತ್ತಿದ್ದ ಆನ್‌ಲೈನ್ ಕ್ಯಾರಂನಲ್ಲಿ ಮಾತ್ರ ಅವಳು ಸುಮಿತಾ. ಹೆಣ್ಣುಮಕ್ಕಳು ಇಂಥ ಕಡೆ ಸ್ವಂತ ಹೆಸರು ಹಾಕಬಾರದೆಂದು ಜಾಣತನ ಮಾಡಿ ಬೇರೆ ಹೆಸರು ಕೊಟ್ಟಿದ್ದಳು. ಓಟಿಪಿ ಬರಬೇಕಲ್ಲ ಎಂದು ನಂಬರನ್ನು ಮಾತ್ರ ನಿಜವಾದದ್ದೇ ಕೊಟ್ಟಿದ್ದಳು.

ಫೋನು ಕತ್ತರಿಸಿ ಆಟ ತೆರೆಯಲು ನೋಡಿದಳು. ಪಾಸ್‌ವರ್ಡ್ ತಪ್ಪೆಂದು ತೋರಿಸಿತು. ಇನ್ಯಾರೋ ಅದನ್ನು ಬದಲಿಸಿ ಅವಳ ಜಾಗದಲ್ಲಿ ಸುಮಿತಾ ಆಗಿ ಕೂತಿದ್ದಿರಬೇಕು. ಈಮೇಲಿನಲ್ಲಿ ಹುಡುಕಿದಾಗ ಅವಳು ಓದದೇ ಬಿಟ್ಟ ಕಂಪನಿಯ ಸಂದೇಶ ಸಿಕ್ಕಿತು. ಆಟಗಾರರ ಹೆಸರು, ಫೋನ್ ನಂಬರ್, ಪಾಸ್‌ವರ್ಡುಗಳು ಕಳುವಾಗಿವೆ, ಪಾಸ್‌ವರ್ಡ್ ಬದಲಿಸಿಕೊಳ್ಳಿ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು. ಮಂಜೇಶ್ ನಂಬರ್ ಕೇಳಿಕೊಂಡು ಬಂದ ವಾರವೇ ಬಂದ ಸಂದೇಶ ಅದು.

ಈಮೇಲಿಗೂ ಅದೇ ಪಾಸ್‌ವರ್ಡ್ ಇತ್ತು. ಮೊದಲು ಅದನ್ನು ಬದಲಿಸಿದಳು. ಆಮೇಲೆ ಬಿದ್ದಿದ್ದ ಮಾತ್ರೆಯ ಪೆಟ್ಟಿಗೆ ಎತ್ತಿಟ್ಟಳು.

ಲಕ್ಷಾಂತರ ಜನರಿಗೆ ಕಂಪನಿ ಒಂದೇ ಸಾಲಿನಲ್ಲಿ ವಿಷಾದ ಹೇಳಿ ಮುಗಿಸಿತ್ತು. ಅವಳು ಹೇಳಬೇಕಾದದ್ದು ಒಬ್ಬನಿಗೆ. ಅದಕ್ಕೆ ಮಾತೇ ಹೊಂದುತ್ತಿರಲಿಲ್ಲ.

ಮರುದಿನ ತಿರುವಿನಲ್ಲಿ ಅವಳು ಮೊದಲ ಸಲ ನಿಂತಳು.

"ನಿಮ್ಮ ಹತ್ರ ಮಾತಾಡ್ಬೇಕಿತ್ತು. ಇಲ್ಲಿ ಬೇಡ, ಬಸ್‌ಸ್ಟಾಪಿಗೆ ಬನ್ನಿ. ಅವತ್ತು ಎಲ್ಲರ ಮುಂದೆ ಅಂದಿದ್ದು ಅಲ್ಲೇ ಅಲ್ವಾ."

ಅದೇ ಹೆಂಗಸರ ಎದುರು ಅವಳು ಎಲ್ಲವನ್ನೂ ಹೇಳಿದಳು. ಕ್ಯಾರಂ, ಸುಳ್ಳು ಹೆಸರು, ಕಳುವು, ಯಾವುದನ್ನೂ ಬಿಡಲಿಲ್ಲ.

"ತಪ್ಪು ನಂದು. ಇವ್ರು ಯಾರ ನಂಬರೂ ಯಾರಿಗೂ ಕೊಟ್ಟಿಲ್ಲ. ಎಲ್ರೂ ವಾಪಸ್ ಗ್ರೂಪಿಗೆ ಸೇರಿ. ಕಚೇರಿಗೂ ಇವತ್ತೇ ಹೋಗಿ ಹೇಳ್ತೇನೆ."

ಮಂಜೇಶ್ ಬೈಕಿನ ಕೀ ತೆಗೆದು ಜೇಬಿಗಿಟ್ಟ.

"ಅವತ್ತು ನೀವು ಕೇಳಿದ್ರಿ. ಉತ್ತರಕ್ಕೆ ಕಾಯ್ಲಿಲ್ಲ. ಅದೊಂದೇ ಬೇಜಾರು."

"ಬೇಜಾರಾದ್ರೂ ದಿನಾ ಬಂದು ಯಾಕೆ ನಿಲ್ತಿದ್ರಿ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ."

"ನಿಮ್ಮ ನಂಬರ್ ಎಲ್ಲಿದೆ ನನ್ ಹತ್ರ? ಅವತ್ತೇ ಅಳಿಸ್ದೆ. ನೀವು ಬೇಡ ಅಂದ್ಮೇಲೆ ಇಟ್ಕೊಳ್ಳೋದು ಸರಿಯಲ್ಲ ಕಣ್ರಿ."

ಅಶ್ವಿತಾ ತಲೆ ಎತ್ತಿ ಅವನ ಮುಖ ನೋಡಿದಳು.

ಶಕುಂತಲಮ್ಮ ಪಕ್ಕದವಳನ್ನು ತಿವಿದಳು. "ಗ್ರೂಪ್ ಬಿಟ್ಟೋರು ಇಡೀ ಲೈನಿನೋರು. ಇವನು ನಿಲ್ಲೋದು ಮಾತ್ರ ರೈಟರ್ ಮನೆ ತಿರುವಲ್ಲಿ. ಆನೆಗೂ ಅಲ್ಲೇ ಕೆಲಸ ನೋಡು."

ಹೆಂಗಸರು ನಕ್ಕರು. ಮಂಜೇಶನ ಕಿವಿ ಕೆಂಪಾಯಿತು. ಬಸ್ಸು ಬಂದು ಎಲ್ಲರೂ ಹತ್ತತೊಡಗಿದರೂ ಅಶ್ವಿತಾ ಹಿಂದೆಯೇ ಉಳಿದಳು.

"ನಿಮ್ಮ ದನಿ ಕೇಳದೆ ನಂಗೆ ಬೆಳಗಾದ ಹಾಗೇ ಇರಲ್ಲ," ಎಂದಳು, ನೆಲ ನೋಡುತ್ತಾ. "ಗ್ರೂಪಲ್ಲಿದ್ದಾಗ ಆನೆ ಇಲ್ಲದ ದಿನವೂ ಕಾಯ್ತಿದ್ದೆ."

"ಆನೆ ಇಲ್ಲದ ದಿನ ನಾನು ಎಂತ ಹೇಳ್ಲಿ?"

"ಏನಾದ್ರೂ ಹೇಳಿ. ನಂಬರ್ ಬರ್ಕೊಳ್ಳಿ."

ಅವಳು ಒಂದೊಂದೇ ಅಂಕಿ ಹೇಳಿದಳು. ಅವನು ನಿಧಾನವಾಗಿ ಒತ್ತಿದ. ಕಂಡಕ್ಟರ್ ಶಿಳ್ಳೆ ಹಾಕಿದ.

"ಹೆಸರು ಏನಂತ ಹಾಕ್ಲಿ? ಸುಮಿತಾ?"

"ಅಶ್ವಿತಾ. ನಿಜವಾದ ಹೆಸರು ಅದು, ಜೋಪಾನ."

"ಯಾರಿಗೂ ಕೊಡಲ್ಲ ಕಣ್ರಿ."