ಹನ್ನೆರಡು ಹೆಜ್ಜೆಯ ಮೌನ

"ಮೇಡಂ, ಇಲ್ಲಿ ಟಾಯ್ಲೆಟ್ ಎಲ್ಲಿ ಉಂಟು?"

ಆ ಪ್ರಶ್ನೆ ಬೋಳಾರದ ಮನೆಮನೆಗೂ ಕೇಳಿಸಿತು. ಹೊಳೆಯ ಆಚೆ ದಡದಲ್ಲಿ ರೇಡಿಯೋ ಹಚ್ಚಿಕೊಂಡವರಿಗೂ ಕೇಳಿಸಿತು.

ಆಂಡ್ರಿಯಾ ಮೈಕಿನ ಮುಂದೆ ಕಲ್ಲಾಗಿ ಕುಳಿತಳು. ಬಾಗಿಲಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆ ಹಿಡಿದ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವಳ ಮುಖ ನೋಡಿದ, ಮೈಕ್ ನೋಡಿದ. ತಾನು ಎಂತ ಮಾಡಿದೆ ಎಂದು ಅವನಿಗೆ ಆಗ ಹೊಳೆಯಿತು.

"ಬಲಗಡೆ... ಕೊನೇ ಬಾಗಿಲು," ಎಂದಳು ಆಂಡ್ರಿಯಾ. ಅದನ್ನೂ ಊರೆಲ್ಲ ಕೇಳಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ರೇಡಿಯೋದಲ್ಲಿ ಆಡಿದರಂತೂ ಕೇಳುವುದೇ ಬೇಡ.

ಅವಸರದಲ್ಲಿ ಒಂದು ಪಿಯಾನೋ ತುಣುಕು ಹಾಕಿ ಅವಳು ಹೊರಗೆ ಬಂದಳು. ಕಿವಿಗಳು ಕೆಂಪಾಗಿದ್ದವು.

"ಒಳಗೆ ಮೈಕ್ ಆನ್ ಇರುವಾಗ ಬಾಗಿಲು ತೆಗೀಬಾರದು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತುಂಟು. ಆದ್ರೆ ಕೆಂಪು ಬಲ್ಬ್ ಉರೀತಾ ಇರ್ಲಿಲ್ಲ."

ಆಂಡ್ರಿಯಾ ತಲೆಯೆತ್ತಿದಳು. ಹೌದು, ಬಲ್ಬ್ ಸತ್ತಿತ್ತು.

"ತಟ್ಟಿ ಬರಬಹುದಿತ್ತಲ್ಲ?"

"ತಟ್ಟಿದ್ರೆ ಅದು ಕೂಡಾ ಕೇಳ್ತಿತ್ತು."

ಮಾತು ಸರಿಯಾಗಿಯೇ ಇತ್ತು, ಆದ್ದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಅವನೇ ಒಂದು ಹೊಸ ಬಲ್ಬ್ ತಂದು, ಸ್ಟೂಲು ಹತ್ತಿ ಹಾಕಿಕೊಟ್ಟ. ಹೆಸರು ಜೇಸನ್. ಬೋಳಾರದವನೇ. ಆರು ವರ್ಷ ಪ್ರವಾಸಿ ಹಡಗುಗಳ ಬ್ಯಾಂಡಿನಲ್ಲಿ ನುಡಿಸಿ ಈಗಷ್ಟೇ ಊರಿಗೆ ಮರಳಿದ್ದ; ರೇಡಿಯೋದಲ್ಲಿ ನುಡಿಸಲು ಅವಕಾಶ ಕೇಳಲು ಬಂದಿದ್ದ.

*

'ಬೋಳಾರ ತರಂಗ' ಎಂಬ ಆ ಸಮುದಾಯ ರೇಡಿಯೋ ಇದ್ದದ್ದು ಹೊಳೆಬದಿಯ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯ ಆಫೀಸು ಕೋಣೆಯಲ್ಲಿ. ಬೆಳಿಗ್ಗೆ ಮೀನಿನ ದರ, ಲಸಿಕೆ ಶಿಬಿರದ ಸುದ್ದಿ. ಸಂಜೆ ಐದರ ನಂತರ ಬರೀ ಜಾಝ್. ಹಾಗಾಗಿ ಊರವರ ಬಾಯಲ್ಲಿ ಅದು 'ಜಾಝ್ ರೇಡಿಯೋ'.

ಬಜಪೆಯ ಹುಡುಗಿ ಆಂಡ್ರಿಯಾ ಹಗಲು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ಮಣ್ಣಗುಡ್ಡದಲ್ಲಿ ಬಾಡಿಗೆ ಕೋಣೆ. ಸಂಜೆಯ ಈ ಒಂದು ಗಂಟೆಗೆ ಅವಳಿಗೆ ಸಂಬಳ ಇಲ್ಲ. ಆದರೆ ದಿನದ ಉಳಿದ ಗಂಟೆಗಳನ್ನೆಲ್ಲ ಅವಳು ತಳ್ಳುತ್ತಿದ್ದದ್ದು ಈ ಒಂದು ಗಂಟೆಗಾಗಿ.

ಅವಳಿಗೆ ಒಂದೇ ಹೆದರಿಕೆ... ಮೌನ.

ಅದಕ್ಕೆ ಕಾರಣವೂ ಇತ್ತು. ಐದು ಸೆಕೆಂಡ್ ಸದ್ದಿಲ್ಲದಿದ್ದರೆ ಅಲ್ಲಿನ ಕಂಪ್ಯೂಟರ್ ಏನೋ ಕೆಟ್ಟಿತೆಂದು ತಿಳಿದು ತಾನಾಗಿಯೇ ಒಂದು ಪ್ರಕಟಣೆ ಹಾಕುತ್ತಿತ್ತು: "ತೆಂಗಿನ ಮರ ಹತ್ತುವ ಉಚಿತ ತರಬೇತಿ! ಆಸಕ್ತರು ಕೂಡಲೇ ಹೆಸರು ನೋಂದಾಯಿಸಿ!" ಹೊಸದರಲ್ಲಿ ಆಂಡ್ರಿಯಾ ಒಮ್ಮೆ ಹಾಡು ಹುಡುಕುತ್ತ ತಡಮಾಡಿದ್ದಳು. ಒಬ್ಬರ ಶ್ರದ್ಧಾಂಜಲಿಯ ನಡುವೆ ತೆಂಗಿನ ಮರ ಬಂದುಬಿಟ್ಟಿತ್ತು. ಆ ಮನೆಯವರ ಮುಖವನ್ನು ಅವಳು ಇನ್ನೂ ಮರೆತಿರಲಿಲ್ಲ.

ಜೇಸನ್ ಪ್ರತಿ ಸಂಜೆ ಬರತೊಡಗಿದ. ಬರುವಾಗ ಪೇಪರಿನಲ್ಲಿ ಕಟ್ಟಿದ ಬಿಸಿ ಗೋಳಿಬಜೆ. ಕೆಂಪು ಬಲ್ಬ್ ಆರುವವರೆಗೆ ಹೊರಗೆ ಬೆಂಚಿನಲ್ಲಿ ಕಾಯುವುದು. ಆಮೇಲೆ ಹಡಗಿನ ಕಥೆಗಳು, ಯಾವ ಬಂದರಿನಲ್ಲಿ ಯಾರು ಹೇಗೆ ನುಡಿಸಿದರು ಎಂಬ ಮಾತು.

"ಒಂದು ಹೇಳ್ತೇನೆ, ಬೇಸರ ಮಾಡ್ಬಾರದು," ಎಂದ ಒಂದು ದಿನ. "ನೀನು ಹಾಡಿನ ಕೊನೇ ಸ್ವರ ಮುಗಿಯುವ ಮೊದಲೇ ಮಾತು ಶುರು ಮಾಡ್ತಿ. ಅದಕ್ಕೆ ಸ್ವಲ್ಪ ಉಸಿರು ಬಿಡ್ಲಿಕ್ಕೆ ಕೊಡು."

"ನಾನು ಕೊಟ್ರೆ ತೆಂಗಿನ ಮರ ಬರ್ತದೆ ಮಾರಾಯ."

ಅವನು ನಕ್ಕ. 'ನೀವು' ಯಾವಾಗ 'ನೀನು' ಆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ರೇಡಿಯೋದ ಮುಖ್ಯಸ್ಥೆ ನಳಿನಾಕ್ಷಿಯಕ್ಕನಿಗೆ ಮಾತ್ರ ತಿಳಿದಿತ್ತು. ಅವರು ಏನೂ ಹೇಳದೆ ಗೋಳಿಬಜೆಯಲ್ಲಿ ತಮ್ಮ ಪಾಲು ತೆಗೆದುಕೊಂಡು ಹೋಗುತ್ತಿದ್ದರು.

ಮಣ್ಣಗುಡ್ಡದ ಕೋಣೆಯಲ್ಲಿ ಆಂಡ್ರಿಯಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು... 'ನಾನು ಕಾಯುವುದು ಜಾಝ್‌ಗಾಗಿಯಾ, ಬಲ್ಬ್ ಆರುವುದಕ್ಕಾಗಿಯಾ?'

*

ತಿಂಗಳಿಗೊಮ್ಮೆ ಕಾರ್ಖಾನೆಯ ಅಂಗಳದಲ್ಲಿ ರೇಡಿಯೋದವರ ಸಂಗೀತ ಸಂಜೆ; ಅದರ ರೆಕಾರ್ಡಿಂಗ್ ಮುಂದಿನ ಭಾನುವಾರ ಪ್ರಸಾರ. ಈ ಸಲ ಡ್ರಮ್ಸಿಗೆ ಬಂದರಿನ ಶುಕೂರ್, ಸ್ಯಾಕ್ಸೊಫೋನಿಗೆ ಜೇಸನ್.

ವೇದಿಕೆ ಹತ್ತುವ ಮೊದಲು ಜೇಸನ್ ಅವಳ ಬಳಿ ಬಂದ.

"ಇವತ್ತು ನುಡಿಸುವುದು ನಾನೇ ಕಟ್ಟಿದ್ದು. ಮುಗಿದ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳು, ಆಯ್ತಾ?"

"ಎಂತ ಪ್ರಶ್ನೆ?"

"ಅದು ನಿನಗೇ ಗೊತ್ತಾಗ್ತದೆ."

ಆಂಡ್ರಿಯಾ ರೆಕಾರ್ಡಿಂಗ್ ಯಂತ್ರದ ಪಕ್ಕ ನಿಂತಳು. ರಾಗ ನಿಧಾನವಾಗಿ ಏರಿತು. ಏರಿ ಏರಿ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಜೇಸನ್ ನುಡಿಸುವುದನ್ನು ನಿಲ್ಲಿಸಿದ. ಶುಕೂರನ ಕೈಯೂ ನಿಂತಿತು.

ಒಂದು ಸೆಕೆಂಡ್... ಮೂರು... ಏಳು...

'ದೇವರೇ, ಮರೆತುಬಿಟ್ಟನಾ?' ಎಂದುಕೊಂಡಳು ಅವಳು. ಮುಂದಿನ ಸಾಲಿನಲ್ಲಿ ಬೋಳಾರದ ಹಿರಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆಂಡ್ರಿಯಾ ಅದನ್ನು ನೋಡಲಿಲ್ಲ. ಅವಳ ಕಣ್ಣು ಯಂತ್ರದಲ್ಲಿ ಸೊನ್ನೆಗಿಳಿದ ಮುಳ್ಳಿನ ಮೇಲೆಯೇ ಇತ್ತು.

ಹನ್ನೆರಡು ಸೆಕೆಂಡ್ ಕಳೆದು ಅವನು ಮತ್ತೆ ನುಡಿಸಿದ. ಮುಗಿದಾಗ ಬೆವರೊರೆಸಿಕೊಳ್ಳುತ್ತ ನೇರವಾಗಿ ಅವಳ ಕಡೆಗೇ ಬಂದು ನಿಂತ, ಕಾಯುವವನ ಹಾಗೆ.

"ಚೆನ್ನಾಗಿತ್ತು... ತುಂಬ ಚೆನ್ನಾಗಿತ್ತು," ಎಂದು ಅವಳು ವಯರು ಸುತ್ತತೊಡಗಿದಳು. ನಡುವೆ ನಿಂತುಹೋದದ್ದನ್ನು ಎತ್ತಿ ಅವನಿಗೆ ಮುಜುಗರ ಮಾಡುವುದು ಅವಳಿಗೆ ಬೇಡವಾಗಿತ್ತು.

ಅವನು ಸ್ಯಾಕ್ಸೊಫೋನನ್ನು ಪೆಟ್ಟಿಗೆಯಲ್ಲಿಟ್ಟು ಹೊರಟುಹೋದ.

ಆ ವಾರವೆಲ್ಲ ಅವನಿಗೆ ಮದುವೆಗಳಲ್ಲಿ ನುಡಿಸುವ ಕೆಲಸವಿತ್ತು. ಈ ಕಡೆ ಆಂಡ್ರಿಯಾ ಆ ಹನ್ನೆರಡು ಸೆಕೆಂಡನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದಳು. ಎರಡು ತುದಿಗಳನ್ನು ಹೊಲಿಗೆ ಕಾಣದ ಹಾಗೆ ಸೇರಿಸಿದಳು. ಎಷ್ಟು ಪ್ರೀತಿಯಿಂದ ಸೇರಿಸಿದಳೆಂದರೆ, ಅಲ್ಲೊಂದು ಮೌನ ಇತ್ತೆಂದು ದೇವರಾಣೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳ ತಪ್ಪೂ ಅದೇ ಆಗಿತ್ತು.

ಭಾನುವಾರ ಅದು ಪ್ರಸಾರವಾಯಿತು. ಮುಗಿದು ಅರ್ಧ ಗಂಟೆಯಲ್ಲಿ ಜೇಸನ್ ಬಂದ. ಕೈಯಲ್ಲಿ ಗೋಳಿಬಜೆ ಇರಲಿಲ್ಲ.

"ನಡುವಿನದ್ದು ಎಲ್ಲಿ ಹೋಯ್ತು?"

"ತೆಗೆದೆ. ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?" ಅವಳು ಹೆಮ್ಮೆಯಿಂದಲೇ ಹೇಳಿದಳು. "ನಿನಗೆ ಮರೆತುಹೋದದ್ದನ್ನು ಊರಿಗೆಲ್ಲ ಯಾಕೆ ಕೇಳಿಸುವುದು?"

"ಮರೆತುಹೋದದ್ದಾ..." ಅವನ ಧ್ವನಿ ಬಹಳ ಸಣ್ಣದಾಯಿತು. "ನನ್ನ ಮಮ್ಮಿ ರೇಡಿಯೋ ಪಕ್ಕ ಕೂತಿದ್ರು ಆಂಡ್ರಿಯಾ. ಅಷ್ಟಕ್ಕಾಗಿಯೇ ಕೂತಿದ್ರು."

"ಎಂತ ಹೇಳ್ತಾ ಇದ್ದಿ? ನನಗೆ ಅರ್ಥ ಆಗ್ಲಿಲ್ಲ."

"ಅರ್ಥ ಆಗದಿದ್ರೆ, ಯಾಕೆ ನಿಲ್ಲಿಸಿದ್ದು ಅಂತ ಕೇಳ್ಬಹುದಿತ್ತು. ಕೇಳು ಅಂತ ಹೇಳಿದ್ದೆ ಅಲ್ವಾ? ಕತ್ತರಿ ಹಾಕ್ಬೇಕಾ?"

ಬಾಗಿಲ ಹತ್ತಿರ ಹೋಗಿ ಅವನು ಹಿಂತಿರುಗಿ ನೋಡದೆ ಹೇಳಿದ.

"ಮಸ್ಕತ್‌ನ ಒಂದು ಹೋಟೆಲಿನವರು ಬ್ಯಾಂಡಿಗೆ ಕರೀತಾ ಇದ್ದಾರೆ. ಎರಡು ವರ್ಷದ ಕೆಲಸ. ಮುಂದಿನ ಸೋಮವಾರ ಉತ್ತರ ಕೊಡ್ಲಿಕ್ಕೆ ಉಂಟು. ಹೌದು ಅಂತ ಹೇಳ್ತೇನೆ."

*

ನಾಲ್ಕು ದಿನ ಅವನು ಫೋನ್ ಎತ್ತಲಿಲ್ಲ. ಐದನೆಯ ದಿನ ಆಂಡ್ರಿಯಾ ಶಾಲೆಯಿಂದ ನೇರವಾಗಿ ಅವನ ಮನೆಗೆ ಹೋದಳು. ಜೇಸನ್ ಇರಲಿಲ್ಲ. ಜಗಲಿಯಲ್ಲಿ ಅವನ ತಾಯಿ ಒಲಿಂಡಾ, ಊದಿಕೊಂಡ ಮೊಣಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು.

"ಆಂಟಿ, ನಾನು..."

"ನೀನು ಯಾರು ಅಂತ ಸ್ವರದಲ್ಲೇ ಗೊತ್ತಾಯ್ತು. ದಿನಾ ಕೇಳ್ತೇನಲ್ಲ. ಕೂತ್ಕೋ."

ಗೋಡೆಯ ಮೇಲಿನ ಫೋಟೋದಲ್ಲಿ ಟ್ರಂಪೆಟ್ ಹಿಡಿದ ಒಬ್ಬ ದಪ್ಪ ಮೀಸೆಯವರು ನಗುತ್ತಿದ್ದರು. ಜೇಸನನ ತಂದೆ ಬಾಸಿಲ್, ಒಂದು ಕಾಲದಲ್ಲಿ ಊರಿನ ಬ್ರಾಸ್ ಬ್ಯಾಂಡಿನ ಮಾಸ್ತರರು.

"ಇವರ ಬ್ಯಾಂಡಿಗೆ ಒಂದು ಕ್ರಮ ಇತ್ತು," ಎಂದರು ಒಲಿಂಡಾ. "ಸತ್ತ ಮನೆಗೆ ನುಡಿಸ್ಲಿಕ್ಕೆ ಹೋದ್ರೆ, ಶವದ ಪೆಟ್ಟಿಗೆ ಹೊಸ್ತಿಲು ದಾಟಿದ ಕೂಡಲೇ ಬ್ಯಾಂಡ್ ನಿಲ್ಲಿಸ್ತಿದ್ರು. ಗೇಟಿನವರೆಗೆ ಹನ್ನೆರಡು ಹೆಜ್ಜೆ... ಸುಮ್ಮನೆ ನಡೆಯುವುದು. ಆ ಹೊತ್ತು ಮನೆಯವರದ್ದು, ನಮ್ಮ ಸದ್ದು ಅದರಲ್ಲಿ ಬರ್ಬಾರದು ಅಂತ ಹೇಳ್ತಿದ್ರು. ಬೋಳಾರದವರಿಗೆ ಎಲ್ಲ ಗೊತ್ತುಂಟು. ನೀನು ಬಜಪೆಯವಳು, ನಿನಗೆ ಹೇಗೆ ಗೊತ್ತಿರ್ತದೆ?"

ಆಂಡ್ರಿಯಾ ಫೋಟೋದ ಕಡೆ ತಿರುಗಿದಳು.

"ಅವರು ಹೋದ ದಿನ ಜೇಸನ್ ಹಡಗಿನಲ್ಲಿ ಇದ್ದ. ಬರ್ಲಿಕ್ಕೆ ಆಗ್ಲಿಲ್ಲ. ಬ್ಯಾಂಡಿನವರು ಎಲ್ಲೆಲ್ಲೋ ಚದುರಿಹೋಗಿದ್ರು. ಯಾರೋ ಮೊಬೈಲಿನಿಂದ ಕೀರ್ತನೆ ಹಾಕಿದ್ರು. ಪಾಪ, ಒಳ್ಳೇ ಮನಸ್ಸಿನಿಂದಲೇ. ಅದು ನಿಲ್ಲಲೇ ಇಲ್ಲ. ಎಷ್ಟೋ ಮನೆಗೆ ಆ ಹನ್ನೆರಡು ಹೆಜ್ಜೆ ಕೊಟ್ಟವರಿಗೆ... ಅವರದ್ದೇ ಸಿಗ್ಲಿಲ್ಲ."

ಒಲಿಂಡಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನನಗೆ ಈ ಕಾಲು, ಅಂಗಳಕ್ಕೆ ಬರ್ಲಿಕ್ಕೆ ಆಗುವುದಿಲ್ಲ. 'ಮಮ್ಮಿ, ಭಾನುವಾರ ರೇಡಿಯೋದಲ್ಲಿ ಬರ್ತದೆ, ಅದರಲ್ಲಿ ಡ್ಯಾಡಿಯ ಹನ್ನೆರಡು ಹೆಜ್ಜೆ ಉಂಟು' ಅಂತ ಜೇಸನ್ ಹೇಳಿದ್ದ."

ಆಂಡ್ರಿಯಾ ಅವರ ಪಾದದ ಬಳಿ ಕುಸಿದು ಕುಳಿತು ಅತ್ತಳು. ಯಾರೋ ಒಳ್ಳೇ ಮನಸ್ಸಿನಿಂದ ಮೊಬೈಲ್ ಹಚ್ಚಿದ್ದರು. ಅವಳೂ ಒಳ್ಳೇ ಮನಸ್ಸಿನಿಂದಲೇ ಕತ್ತರಿ ಹಿಡಿದಿದ್ದಳು.

"ಅವನು ಫೋನ್ ಎತ್ತುವುದಿಲ್ಲ ಆಂಟಿ."

"ಎತ್ತುವುದು ಬೇಡ." ಒಲಿಂಡಾ ಅವಳ ತಲೆ ಸವರಿದರು. "ಈ ಮನೆಯಲ್ಲಿ ಐದು ಗಂಟೆಗೆ ರೇಡಿಯೋ ನಾನು ಹಾಕುವುದು. ಆರಿಸ್ಲಿಕ್ಕೆ ಅವನಿಗೆ ಧೈರ್ಯ ಇಲ್ಲ."

*

ಭಾನುವಾರ ನಾಲ್ಕೂಮುಕ್ಕಾಲಿಗೆ ಆಂಡ್ರಿಯಾ ನಳಿನಾಕ್ಷಿಯಕ್ಕನ ಮುಂದೆ ನಿಂತಳು. ಪುಣ್ಯಕ್ಕೆ ಮೂಲ ರೆಕಾರ್ಡಿಂಗ್ ಅವಳು ಅಳಿಸಿರಲಿಲ್ಲ.

"ಅಕ್ಕ, ಇವತ್ತು ನನಗೆ ಹನ್ನೆರಡು ಸೆಕೆಂಡ್ ಮೌನ ಬೇಕು."

"ಮೌನಕ್ಕೆ ರೇಡಿಯೋ ಯಾಕೆ ಮಾರಾಯ್ತಿ?"

ಆಂಡ್ರಿಯಾ ಎಲ್ಲವನ್ನೂ ಹೇಳಿದಳು. ನಳಿನಾಕ್ಷಿಯಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಾನು ಚಾ ಕುಡೀಲಿಕ್ಕೆ ಹೋಗ್ತೇನೆ. ತೆಂಗಿನ ಮರದ ಸ್ವಿಚ್ ಆ ಹಳದಿ ಪೆಟ್ಟಿಗೆಯ ಹಿಂದೆ ಉಂಟು. ಅದನ್ನು ಯಾರು ಆಫ್ ಮಾಡಿದ್ದು ಅಂತ ನನಗೆ ಗೊತ್ತಿಲ್ಲ."

ಐದು ಗಂಟೆ. ಕೆಂಪು ಬಲ್ಬ್ ಉರಿಯಿತು.

"ನಮಸ್ಕಾರ, ನಾನು ಆಂಡ್ರಿಯಾ. ಹೋದ ವಾರ ನಾನು ಒಂದು ತಪ್ಪು ಮಾಡಿದೆ. ಒಬ್ಬರು ತಮ್ಮ ತಂದೆಗೆ ಅಂತ ಇಟ್ಟ ಜಾಗವನ್ನು ಖಾಲಿ ಅಂತ ತಿಳಿದು ತೆಗೆದುಹಾಕಿದೆ. ನನಗೆ ಮೌನ ಅಂದ್ರೆ ಹೆದರಿಕೆ. ಅದರ ಒಳಗೆ ಯಾರಾದ್ರೂ ಇರ್ಬಹುದು ಅಂತ ನನಗೆ ಗೊತ್ತಿರ್ಲಿಲ್ಲ. ಬಾಸಿಲ್ ಮಾಸ್ತರರೇ, ಕ್ಷಮಿಸಿ. ಒಲಿಂಡಾ ಆಂಟಿ, ಕ್ಷಮಿಸಿ. ಜೇಸನ್..."

ಅವಳು ರೆಕಾರ್ಡಿಂಗ್ ಹಚ್ಚಿದಳು.

ರಾಗ ಏರಿತು. ಏರಿ ಏರಿ ನಿಂತಿತು.

ಆಂಡ್ರಿಯಾ ಕಣ್ಣು ಮುಚ್ಚಿ ಎಣಿಸಿದಳು. ಒಂದು... ಎರಡು... ಅಂದು ಅಂಗಳದಲ್ಲಿ ಯಾರೋ ಕೆಮ್ಮಿದ್ದು ಕೇಳಿತು. ಐದು... ಹೊಳೆಯಲ್ಲಿ ದೂರದ ದೋಣಿಯ ಎಂಜಿನ್. ಎಂಟು... ಅವಳಿಗೆ ಮೊದಲ ಬಾರಿಗೆ ಹೆದರಿಕೆಯಾಗಲಿಲ್ಲ. ಒಂದು ಜಗಲಿ, ಒಂದು ಗೇಟು, ಮೆಲ್ಲಗೆ ನಡೆಯುವ ಜನ ಕಣ್ಣಿಗೆ ಕಟ್ಟಿದರು. ಹನ್ನೆರಡು.

ಸ್ಯಾಕ್ಸೊಫೋನ್ ಮತ್ತೆ ಎದ್ದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ಕೊನೆಯ ಸ್ವರ ಪೂರ್ತಿ ಆರುವವರೆಗೆ ಅವಳು ಕಾದಳು. ಆಮೇಲೆ ಮೈಕ್ ತೆರೆದು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು.

ಜೇಸನ್ ನಿಂತಿದ್ದ. ಮನೆಯಿಂದ ಓಡಿ ಬಂದವನ ಏದುಸಿರು. ಕಾಲಿನಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

"ಮೈಕ್ ಆನ್ ಉಂಟು," ಎಂದಳು ಅವಳು ಗಾಬರಿಯಿಂದ. "ಕೆಂಪು ಬಲ್ಬ್ ಕಾಣಿಸ್ಲಿಲ್ವಾ?"

"ಕಾಣಿಸಿತು. ಅದಕ್ಕೇ ಒಳಗೆ ಬಂದದ್ದು."

ಅವನು ಮೈಕಿನ ಹತ್ತಿರ ಬಂದ.

"ಮಮ್ಮಿ ಕೇಳ್ತಾ ಇದ್ದಾರೆ. ಎಣಿಸಿದ್ರು, ಹನ್ನೆರಡೂ ಎಣಿಸಿದ್ರು. ಆಮೇಲೆ ನನಗೆ ಹೇಳಿದ್ರು, ಓಡು ಅಂತ." ಅವನು ಅವಳ ಕಡೆ ತಿರುಗಿದ. "ನಾನೂ ತಪ್ಪು ಮಾಡಿದೆ. ಬಾಯಿಬಿಟ್ಟು ಹೇಳದೆ, ನಿನಗೆ ತಾನಾಗಿ ಅರ್ಥ ಆಗ್ಬೇಕು ಅಂತ ಕಾದೆ. ಆದ್ದರಿಂದ ಇದನ್ನಾದ್ರೂ ಹೇಳಿಯೇ ಬಿಡ್ತೇನೆ. ನನಗೆ ನೀನು ಇಷ್ಟ ಆಂಡ್ರಿಯಾ. ತುಂಬ ಇಷ್ಟ. ಮಸ್ಕತ್‌ಗೆ ನಾಳೆ ಎಂತ ಹೇಳ್ಬೇಕು ಅಂತ ನೀನು ಹೇಳು."

ಆಂಡ್ರಿಯಾ ಸುಮ್ಮನಾದಳು. ಮೂರು ಸೆಕೆಂಡ್... ಐದು... ಆರು. ತೆಂಗಿನ ಮರ ಬರಲಿಲ್ಲ.

"ಉತ್ತರಕ್ಕೆ ಎಷ್ಟು ಹೆಜ್ಜೆ ಬಿಡ್ಲಿ?" ಎಂದು ಕೇಳಿದ ಅವನು, ಮೆಲ್ಲಗೆ.

ಅವಳು ಕುರ್ಚಿಯಿಂದ ಎದ್ದಳು. ಇಬ್ಬರ ನಡುವೆ ಇದ್ದದ್ದು ಒಂದೇ ಹೆಜ್ಜೆ. ಅದನ್ನು ಅವಳೇ ಇಟ್ಟಳು.

"ಇಷ್ಟೇ," ಎಂದಳು, ಅವನ ಎದೆಗೊರಗಿ. "ಮಸ್ಕತ್‌ನವರಿಗೆ ಹೇಳು... 'ನನಗೆ ಬೋಳಾರದಲ್ಲಿ ದಿನಾ ಐದು ಗಂಟೆಗೆ ಕೆಲಸ ಉಂಟು' ಅಂತ."