ಏಳನೆಯ ಉಸಿರು

ಮೌನಸೇತು ಯಂತ್ರದ ಹಸಿರು ದೀಪ ಹೊತ್ತಿಕೊಂಡಿತು. ಮಂಚದ ಮೇಲೆ ಗುರುಶಾಂತಪ್ಪ ಅಲುಗಾಡದೆ ಮಲಗಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ದಾನಮ್ಮ ಕಣ್ಣು ಮುಚ್ಚಿ ಕುಳಿತಿದ್ದಳು. ಇಬ್ಬರ ಹಣೆಗೂ ಬೆರಳಗಲದ ಬೂದುಬಣ್ಣದ ಪಟ್ಟಿ ಕಟ್ಟಿತ್ತು. ದಾನಮ್ಮ ಮನಸ್ಸಿನಲ್ಲೇ ಉಸಿರು ಎಣಿಸತೊಡಗಿದಳು. ನಾಲ್ಕು, ಐದು, ಆರು ಎಂದು ಸಾಗಿ ಇನ್ನೇನು ಒಳಗೆಲ್ಲ ತಣ್ಣಗಾಯಿತು ಎನ್ನುವಷ್ಟರಲ್ಲಿ ದೀಪ ಕೆಂಪಾಯಿತು. "ಸೇತುವೆ ಕಳಚಿದೆ" ಎಂದು ಯಂತ್ರ ಇಂಪಾದ ದನಿಯಲ್ಲಿ ಹೇಳಿತು. ಕೆಟ್ಟ ಸುದ್ದಿಯನ್ನು ಇಂಪಾಗಿ ಹೇಳುವುದನ್ನು ಯಂತ್ರಗಳಿಗೆ ಯಾರು ಕಲಿಸಿದರೋ, ಅವರನ್ನು ಒಮ್ಮೆ ಈ ಕುರ್ಚಿಯಲ್ಲಿ ಕೂರಿಸಬೇಕಿತ್ತು.

"ಇವತ್ತೂ ಆಗಲಿಲ್ಲ ತಂಗಿ" ಎಂದಳು ದಾನಮ್ಮ. ಅದು ಹನ್ನೊಂದನೆಯ ದಿನ.

ಡಾಕ್ಟರ್ ಸುಮೇಧಾ ಅರಳಿಕಟ್ಟಿ ಪರದೆಯ ಮೇಲಿನ ಗೆರೆಗಳನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಅದನ್ನು ಆರಿಸಿ, "ಮನಸ್ಸು ಇನ್ನೊಂಚೂರು ಗಟ್ಟಿ ಮಾಡ್ರಿ ಅಕ್ಕಾರ. ನಾಳೆ ನೋಡೂಣು" ಎಂದಳು.

ಯಂತ್ರದ ಕತೆ ಇಷ್ಟು. ಪಾರ್ಶ್ವವಾಯು ಹೊಡೆದು ಮಾತು ಹೋದವರ ಒಳಗೆ ಮಾತು ಪೂರ್ತಿ ಸತ್ತಿರುವುದಿಲ್ಲ. ತುಟಿಗೆ ಬರುವ ದಾರಿ ಮಾತ್ರ ಕುಸಿದಿರುತ್ತದೆ. ಆ ಒಳಮಾತು ಮಿದುಳಿನಲ್ಲಿ ಎಬ್ಬಿಸುವ ಅಲೆಗಳನ್ನು ಯಂತ್ರ ಹಿಡಿಯಬಲ್ಲದು, ಆದರೆ ಅದಕ್ಕೆ ಅರ್ಥ ತಿಳಿಯದು. ವರ್ಷಗಟ್ಟಲೆ ಜೊತೆಗೆ ಬಾಳಿದ ಒಬ್ಬರ ಮನಸ್ಸಿಗೆ ಆ ಅಲೆಗಳನ್ನು ದಾಟಿಸಿದರೆ, ಆ ಮನಸ್ಸು ಹತ್ತು ಉಸಿರಿನಷ್ಟು ಹೊತ್ತು ನಿಶ್ಶಬ್ದವಾಗಿದ್ದರೆ, ಅಲೆ ಮತ್ತೆ ಮಾತಾಗುತ್ತದೆ. ಮೊದಲ ನಲವತ್ತು ದಿನ ಮಾತ್ರ ಇದು ಸಾಧ್ಯ. ಆಮೇಲೆ ಮಿದುಳು ತನ್ನ ಹಳೆಯ ದಾರಿಗಳನ್ನು ತಾನೇ ಅಳಿಸಿಕೊಳ್ಳುತ್ತದೆ.

"ಒಟ್ಟಿನ್ಯಾಗ ಧ್ಯಾನ ಮಾಡಬೇಕು ಅನ್ನು" ಎಂದಿದ್ದಳು ದಾನಮ್ಮ ಮೊದಲ ದಿನ. "ಅದು ನನ್ನಿಂದ ಆಗೂದಲ್ಲ ತಂಗಿ. ನನ್ನ ತಲಿಯಾಗ ಯಾವಾಗಲೂ ಖಾನಾವಳಿ ನಡದಿರತೈತಿ."

ಸುಳ್ಳಲ್ಲ. ಗದಗಿನ ಬಸ್ ನಿಲ್ದಾಣದ ಹಿಂದೆ ಇಪ್ಪತ್ತಾರು ವರ್ಷ ಖಾನಾವಳಿ ನಡೆಸಿದವಳು ಅವಳು. ಒಂದು ಕಣ್ಣು ಹಂಚಿನ ಮೇಲೆ, ಒಂದು ಕಿವಿ ಬಾಗಿಲ ಕಡೆ, ಬಾಯಿ ಬಡಿಸುವವರನ್ನು ಗದರಿಸುವುದರಲ್ಲಿ, ಕೈ ಮಾತ್ರ ರೊಟ್ಟಿ ಬಡಿಯುವುದರಲ್ಲಿ. ಇಂಥವಳನ್ನು ಸುಮ್ಮನೆ ಕೂರು ಎಂದರೆ ಹೇಗೆ? ಆದರೆ ಕೂರದೆ ವಿಧಿಯಿರಲಿಲ್ಲ. ಗಂಡ ಕುಸಿದ ದಿನ ಬೆಳಿಗ್ಗೆ, "ನಿನಗ ಒಂದು ಮಾತು ಹೇಳೂದೈತಿ" ಎಂದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ರೊಟ್ಟಿ ಮುಗೀಲಿ, ಆಮ್ಯಾಲ ಹೇಳ್ರಿ" ಎಂದಿದ್ದಳು ಇವಳು. ರೊಟ್ಟಿ ಮುಗಿಯುವ ಮೊದಲೇ ಅವರು ಅಂಗಳದಲ್ಲಿ ಬಿದ್ದಿದ್ದರು. ಆ ಒಂದು ಮಾತು ಏನೆಂದು ತಿಳಿಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಖಾನಾವಳಿಗೆ ಬೀಗ ಹಾಕಿದಳು. ನಸುಕಿನಲ್ಲೆದ್ದು ಗೋಡೆಗೆ ಮುಖ ಮಾಡಿ ಕುಳಿತಳು. ಸೊಂಟ ಹಿಡಿಯಿತು, ಮೊಣಕಾಲು ಜೋಮು ಹಿಡಿಯಿತು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹಾಕಿದೆನೋ ಇಲ್ಲವೋ ಎಂಬ ಮೂರು ತಿಂಗಳ ಹಿಂದಿನ ಚಿಂತೆ ಎಲ್ಲಿಂದಲೋ ಎದ್ದು ಬಂತು. ಆದರೂ ದಿನ ಕಳೆದಂತೆ ಏನೋ ಬದಲಾಗಿತ್ತು. ಒಳಗಿನ ಗಿರಾಕಿಗಳು ಒಬ್ಬೊಬ್ಬರಾಗಿ ಕೈ ತೊಳೆದು ಹೊರಟುಹೋಗುತ್ತಿದ್ದರು. ಆರನೆಯ ಉಸಿರಿಗೆ ಖಾನಾವಳಿ ಖಾಲಿ. ಏಳನೆಯದಕ್ಕೆ ಕೆಂಪು ದೀಪ. ತನಗೆ ನಿಶ್ಶಬ್ದ ಎನಿಸಿದ್ದು ನಿಶ್ಶಬ್ದವೇ ಅಲ್ಲವೇನೋ, ತನ್ನಂಥ ಗದ್ದಲದ ಹೆಂಗಸಿಗೆ ಅದರ ಗುರುತೂ ಸಿಗದೇನೋ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಸುಮೇಧಾ ಮಾತ್ರ ಆಸರೆಯಾಗಿದ್ದಳು. ಭಾನುವಾರ ಮನೆಗೇ ಬಂದು, ದಾನಮ್ಮ ಅವಳೊಬ್ಬಳಿಗಾಗಿ ಒಲೆ ಹಚ್ಚಿ ಬಡಿದ ರೊಟ್ಟಿಯನ್ನು ಎಣ್ಣೆಗಾಯಿಯ ಜೊತೆ ಉಂಡು, "ಎಲ್ಲಾರಿಗೂ ಧ್ಯಾನ ಒಲಿಯೂದಿಲ್ಲ ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎನ್ನುತ್ತಿದ್ದಳು. ಒಡಹುಟ್ಟಿದ ತಂಗಿಯಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ದಾನಮ್ಮ ಓಣಿಯವರ ಮುಂದೆಲ್ಲ ಹೊಗಳಿದ್ದೇ ಹೊಗಳಿದ್ದು.

ನಲವತ್ತನೆಯ ದಿನ ಬಂತು. ಅಂದು ಕೋಣೆಯಲ್ಲಿ ಇಮಾಮಸಾಬನೂ ಇದ್ದ. ರೋಗಿಗಳ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವವನು. ದಿನವೂ ಸಂಜೆ ಬರುತ್ತಿದ್ದವನು ಕೊನೆಯ ಅಳತೆ ತೆಗೆಯಲು ಬೆಳಿಗ್ಗೆಯೇ ಬಂದಿದ್ದ. ಕೃಶವಾಗಬೇಕಿದ್ದ ಗುರುಶಾಂತಪ್ಪನವರ ತೊಡೆ ದಿನೇದಿನೇ ಬಿಗಿಯಾಗುತ್ತಿರುವುದು ಹೇಗೆಂದು ಅವನಿಗೆ ಬಗೆಹರಿದಿರಲಿಲ್ಲ.

ದಾನಮ್ಮ ಕುಳಿತಳು. ಹಸಿರು ಹೊತ್ತಿತು. ಏಳನೆಯ ಉಸಿರಿಗೆ ಕೆಂಪಾಯಿತು.

"ಅಕ್ಕಾ!" ಎಂದು ಕೂಗಿದ ಇಮಾಮಸಾಬ. "ಕಾಲು ಎತ್ತಿದ್ರು! ನಾ ಕಣ್ಣಾರೆ ನೋಡೀನಿ. ಇನ್ನೊಂದ್ಸಲ ಕುಂದರ್ರಿ."

ಮತ್ತೊಮ್ಮೆ ಕುಳಿತಳು. ಮತ್ತೆ ಕೆಂಪು. ಈ ಸಲ ಹೊದಿಕೆಯ ಕೆಳಗೆ ಮೊಣಕಾಲು ನಡುಗುತ್ತ ಎರಡು ಬೆರಳಷ್ಟು ಮೇಲೆದ್ದು ಬಿದ್ದದ್ದನ್ನು ಅವಳೂ ಕಂಡಳು.

"ಮನಸ್ಸಿನ್ಯಾಗ ಏನಂದ್ರಿ?" ಎಂದು ಅವನು ಕೇಳಿದ.

"ಏನಿಲ್ಲಪಾ, ಉಸರು ಎಣಸಾಕತ್ತಿದ್ದೆ. ಐದು, ಆರು, ಏಳು..."

ಇಮಾಮಸಾಬ ನಕ್ಕುಬಿಟ್ಟ. "ಮತ್ತ ಏಳು ಅಂದ್ರ ಏಳಾಕ ನೋಡ್ಯಾರ. ಹೆಂಡ್ತಿ ಮಾತು ಮೀರೂ ಮನಷ್ಯಾ ಅಲ್ಲ ಬಿಡ್ರಿ!"

ದಾನಮ್ಮನಿಗೂ ನಗು ಬಂತು. ನಗುತ್ತಲೇ ಡಾಕ್ಟರ ಕಡೆ ತಿರುಗಿದಳು, ಅಲ್ಲಿಯೇ ಅವಳ ನಗು ನಿಂತಿತು. ಸುಮೇಧಾಳ ಮುಖದಲ್ಲಿ ಅಚ್ಚರಿ ಇರಲಿಲ್ಲ. ಕಳ್ಳತನದ ಮಾಲಿನ ಸಮೇತ ಸಿಕ್ಕಿಬಿದ್ದವರ ಹಾಗೆ ಅವಳು ನೆಲ ನೋಡುತ್ತಿದ್ದಳು.

"ನಿನಗ ಗೊತ್ತಿತ್ತು" ಎಂದಳು ದಾನಮ್ಮ.

ಸುಮೇಧಾ ಕುರ್ಚಿಯ ಮೇಲೆ ಕುಸಿದು ಕುಳಿತು ಒಂದೊಂದಾಗಿ ಬಾಯಿಬಿಟ್ಟಳು. ಕೇಳುವವರು ಗಾಬರಿಯಾದರೆ ಸೇತುವೆ ಕಳಚಲು ಒಂದು ಎಚ್ಚರಪದ ಇರುತ್ತದೆ. ಅದನ್ನು ಮನಸ್ಸಿನಲ್ಲಿ ನೆನೆದರೆ ಸಾಕು, ಯಂತ್ರ ಅದನ್ನೇ ಜೋರಾಗಿ ಎರಡೂ ತಲೆಗಳಿಗೆ ಮುಟ್ಟಿಸಿ, ಇಬ್ಬರನ್ನೂ ಒಟ್ಟಿಗೆ ಎಚ್ಚರಿಸಿ ನಿಲ್ಲುತ್ತದೆ. ಕನ್ನಡಕ್ಕೆ ಆ ಪದವನ್ನು 'ಏಳು' ಎಂದು ಇಟ್ಟಿದ್ದರು. ಮಾಡಿದವರೂ ಕನ್ನಡಿಗರೇ, ಪರೀಕ್ಷಿಸಿದವರೂ ಕನ್ನಡಿಗರೇ. ಆದರೆ ಅಷ್ಟು ಓದಿದ ಜನರಲ್ಲಿ ಒಬ್ಬರೂ ಉಸಿರನ್ನು ಕನ್ನಡದಲ್ಲಿ ಎಣಿಸಿರಲಿಲ್ಲ. ಎಲ್ಲರೂ ವನ್, ಟೂ, ತ್ರೀ ಎಂದೇ ಹತ್ತು ಮುಟ್ಟಿದ್ದರು.

"ಯಾವಾಗ ಗೊತ್ತಾತು?"

"ಹನ್ನೊಂದನೇ ದಿನ. ಅವತ್ತ ಮ್ಯಾಲಿನವರಿಗೆ ಬರದೆ ಅಕ್ಕಾರ. ತಿದ್ದಿ ಕಳಸ್ತೀವಿ, ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು. ನಡುವ ಪದ್ಧತಿ ಬದಲಾದ್ರ ಪ್ರಯೋಗನ ರದ್ದಾಗ್ತದ, ಕೇಂದ್ರ ಮುಚ್ಚತಾರ. ವಾರದಾಗ ಬರ್ತದ ಅಂದಿದ್ರು. ಬರಲೇ ಇಲ್ಲ."

"ಮತ್ತ ನನ್ನ ಮನಸ್ಸು?"

ಸುಮೇಧಾಳ ದನಿ ಇಳಿಯಿತು. "ನೀವು ಒಂಬತ್ತನೇ ದಿನಕ್ಕ ಕಲತಿದ್ರಿ. ಆರನೇ ಉಸರಿಗೆ ನಿಮ್ಮಷ್ಟು ಮೌನ ಆದವರನ್ನ ನಾ ಇನ್ನೂ ನೋಡಿಲ್ಲ."

ಯಂತ್ರ ಮೋಸ ಮಾಡಿದ್ದರೆ ಬೈದು ಬಿಡಬಹುದಿತ್ತು. ಇದು ತನ್ನ ಕೈಯಡಿಗೆ ಉಂಡವಳು ಮಾಡಿದ್ದು. ಇಪ್ಪತ್ತೊಂಬತ್ತು ದಿನ ತನ್ನ ಎದುರಿಗೇ ಕುಳಿತು, ನಿಮ್ಮಿಂದಾಗದು ಎಂದು ಸಮಾಧಾನ ಹೇಳಿದ್ದಳು. ಆ ಸಮಾಧಾನಕ್ಕೆ ತಾನು ಕಣ್ಣೀರು ಹಾಕಿ ಕೈಮುಗಿದದ್ದು ನೆನಪಾಗಿ ದಾನಮ್ಮನಿಗೆ ಮೈಯೆಲ್ಲ ಉರಿಯಿತು.

"ಡಾಕ್ಟರ್ರ" ಎಂದಳು. ತಂಗಿ ಎನ್ನಲಿಲ್ಲ. "ನೀವು ನನಗ ಇಷ್ಟೆಲ್ಲಾ ಹೇಳೂದು ಬ್ಯಾಡಾಗಿತ್ತು. ವನ್, ಟೂ ಅಂತ ಎಣಸ್ರಿ ಅಂದಿದ್ದರ ಸಾಕಾಗಿತ್ತು. ನನಗೂ ಬರ್ತಾವು ಅವು."

'ನೀವು' ಎಂಬ ಆ ಒಂದು ಶಬ್ದಕ್ಕೆ ಸುಮೇಧಾ ಅತ್ತುಬಿಟ್ಟಳು. ದಾನಮ್ಮ ಅವಳತ್ತ ನೋಡಲಿಲ್ಲ. "ಹಚ್ರಿ ಅದನ್ನ. ಇನ್ನೂ ನಲವತ್ತನೇ ದಿನ ಮುಗದಿಲ್ಲ" ಎಂದು ಪಟ್ಟಿಯನ್ನು ತಾನೇ ಬಿಗಿದುಕೊಂಡಳು.

ಇಷ್ಟು ಉರಿಯುವ ಮನಸ್ಸು ಮೌನವಾಗುವುದುಂಟೇ? ಆಯಿತು. ಮೊದಲೆರಡು ಸಲ ಆಗಲಿಲ್ಲ, ಮೂರನೆಯ ಸಲ ಆಯಿತು. ಸೆವೆನ್ ದಾಟಿತು, ಏಟ್ ದಾಟಿತು, ಟೆನ್ ಎನ್ನುವಾಗ ದೀಪ ಹಸಿರಾಗಿಯೇ ಇತ್ತು. ದೂರದ ಕೋಣೆಯಿಂದ ಬಂದಂತೆ ಗಂಡನ ದನಿ ಕೇಳಿಸಿತು. ಅರ್ಧಕ್ಕರ್ಧ ಅಳಿಸಿಹೋಗಿದ್ದ ಆ ದನಿಯಲ್ಲಿ ಅಂದು ಹೇಳಬೇಕೆಂದಿದ್ದ ಮಾತು ಎಲ್ಲಿಯೂ ಇರಲಿಲ್ಲ.

"ಏಳ್ತೀನಿ... ತಡಿ, ಏಳ್ತೀನಿ... ಇಷ್ಟು ಸಿಟ್ಟು ಬ್ಯಾಡ ದಾನೀ... ಏಳ್ತೀನಿ..."

ಅಷ್ಟೇ. ಮತ್ತೆ ಮತ್ತೆ ಅಷ್ಟೇ. ಮೂವತ್ತನಾಲ್ಕು ವರ್ಷ ಗಂಡನಿಗೆ ಏಳ್ರಿ, ಬರ್ರಿ, ಉಣ್ರಿ ಎಂದವಳು ಅವಳು. ಅಂಥವಳು ದಿನವೂ ಬಂದು, ಏಕವಚನದಲ್ಲಿ, ತಲೆಯೊಳಗೇ ನುಗ್ಗಿ 'ಏಳು' ಎಂದು ಗದರಿದ್ದನ್ನು ಅವರು ನಲವತ್ತು ದಿನ ಕೇಳಿಸಿಕೊಂಡಿದ್ದರು. ಹೆಂಡತಿಗೆ ತನ್ನ ಮೇಲೆ ಎಷ್ಟು ಕೋಪ ಬಂದಿರಬೇಕು ಎಂದುಕೊಂಡು, ಉಳಿದ ಮಾತನ್ನೆಲ್ಲ ಬಿಟ್ಟು, ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದ್ದರು.

ದಾನಮ್ಮ ಕಣ್ಣು ತೆರೆದಳು. "ಏನಂದ್ರು ಅಕ್ಕಾರ?" ಎಂದು ಸುಮೇಧಾ ಬಿಕ್ಕುತ್ತ ಕೇಳಿದಳು. ತಿಂಗಳೊಪ್ಪತ್ತಿನಲ್ಲಿ ಅವರು ನಿಲ್ಲಲೂಬಹುದು, ಇದನ್ನು ಲೋಕವೇ ಬೆರಗಾಗಿ ನೋಡುತ್ತದೆ ಎಂದು ಇಮಾಮಸಾಬ ಏನೇನೋ ಹೇಳುತ್ತಿದ್ದ. ಅವಳು ಪಟ್ಟಿಯನ್ನು ಬಿಚ್ಚಿ ಡಾಕ್ಟರ ಮೇಜಿನ ಮೇಲಿಟ್ಟು, ಮಂಚದ ಅಂಚಿನಲ್ಲಿ ಕುಳಿತು, ಗಂಡನ ಕಿವಿಗೆ ಬಾಗಿದಳು.

"ನನಗ ನಿಮ್ಮ ಮ್ಯಾಲ ಯಾತರ ಸಿಟ್ಟೂ ಇಲ್ರಿ" ಎಂದಳು. "ನಾ ಬರೇ ಉಸರು ಎಣಸಾಕತ್ತಿದ್ದೆ. ನಿಮಗ ಏಳು ಅಂದಿದ್ದಲ್ಲ."

ಹೊದಿಕೆಯ ಕೆಳಗೆ ಮೊಣಕಾಲು ನಡುಗುತ್ತ ಮೇಲೆದ್ದಿತು.