ಕಾವಲಿಗಿಟ್ಟ ಸಾಫ್ಟ್‌ವೇರ್

2009ರ ನವೆಂಬರ್ 16, ಸೋಮವಾರ. ನಿವೃತ್ತ ಸಂಸ್ಕೃತ ಮೇಷ್ಟರು ಶಂಕರನಾರಾಯಣ ಮಗಳು ಸಿಂಧುವಿನ ಜೊತೆ ನಂಜನಗೂಡು ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ಮೇಷ್ಟರಿಗೆ ನೀರು ತರಿಸಿ, ಸಿಂಧುವಿನ ಕಡೆ ತಿರುಗಿದರು.

“ನನ್ನ ಮದುವೆ ಮುರಿದುಹೋಯ್ತು ಸರ್. ಗಂಡಿನ ಮನೆ ಟಿ. ನರಸೀಪುರ. ನನಗೆ ಚಿಕ್ಕಂದಿನಿಂದ ಫಿಟ್ಸ್ ಇದೆ, ಮಾತ್ರೆ ತಗೋತೀನಿ. ಅದನ್ನ ಗೆಳತಿಗೆ ಮೇಲ್‌ನಲ್ಲಿ ಬರೆದಿದ್ದೆ. ಆ ಮೇಲ್ ಹುಡುಗನ ತಂದೆಗೆ ಹೋಗಿದೆ. ನನ್ನದೇ ಐಡಿಯಿಂದ.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಬದಲಾಯಿಸಿದೆ. ಆಮೇಲೂ ಇನ್ನೊಂದು ಹೋಯ್ತು.”

“ಆ ಗೆಳತಿ?”

“ಅವಳೇ ಇರಬೇಕು,” ಎಂದರು ಮೇಷ್ಟರು. ಸಿಂಧು ತಲೆ ತಗ್ಗಿಸಿದಳು. ಗೆಳತಿಯ ಜೊತೆ ಮಾತು ಬಿಟ್ಟು ವಾರವಾಗಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೇಷ್ಟರ ಮನೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಸಿ ಕಂಪ್ಯೂಟರನ್ನು ವಶಕ್ಕೆ ಪಡೆದರು. ಕಿತ್ತಿಡುವ ಮುನ್ನ ಒಮ್ಮೆ ಚಾಲು ಮಾಡಿಸಿದಾಗ, ಮೂಲೆಯಲ್ಲಿ ಆಂಟಿವೈರಸ್‌ನ ಹಸಿರು ಗುರುತು ಮೂಡಿತು: ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ.’

“ಇದ್ನ ಯಾರವ್ವಾ ಆಕ್ಕೊಟ್ಟಿದ್ದು?” ಎಂದ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ.

“ಮದನ್ ಅಂತ. ನರಸೀಪುರದಲ್ಲಿ ಅಂಗಡಿ ಇದೆ, ಇಲ್ಲಿಗೂ ಬಂದು ರಿಪೇರಿ ಮಾಡ್ತಾರೆ. ತುಂಬಾ ಒಳ್ಳೆಯವರು.”

ಹೊಸ ಪಾಸ್‌ವರ್ಡೂ ಸೋರಿದೆಯೆಂದರೆ ಕಳ್ಳ ಕಂಪ್ಯೂಟರಿನೊಳಗೇ ಇರಬೇಕು ಎಂದುಕೊಂಡರು ಗಂಗಾಧರಸ್ವಾಮಿ. ಅವರ ಮನೆಯ ಕಂಪ್ಯೂಟರಿಗೂ ಅದೇ ಮದನ್ ಅದೇ ಸಾಫ್ಟ್‌ವೇರ್ ಹಾಕಿದ್ದ. ಹೊರಗೆ ಬಂದು ಮಗಳಿಗೆ ಫೋನ್ ಮಾಡಿದರು.

“ಅರ್ಪಿತಾ, ಕಂಪ್ಯೂಟರ್ ಆಫ್ ಮಾಡು.”

“ಯಾಕಪ್ಪಾ? ಆಂಟಿವೈರಸ್ ಇದೆಯಲ್ಲಾ?”

“ಅದಕ್ಕೇ ಕಣವ್ವಾ.”

ಮಗಳು ಯಾರಿಗೆ ಏನೇನು ಬರೆದಿದ್ದಳೋ, ಅವರಿಗೆ ಗೊತ್ತಿರಲಿಲ್ಲ. ಮದನ್‌ಗೆ ಗೊತ್ತಿರಬಹುದು ಎಂಬ ಯೋಚನೆಗೆ ಮೈ ಉರಿಯಿತು. ಆದರೂ ಸಾಕ್ಷ್ಯ ಕೈಸೇರುವವರೆಗೆ ತಡೆದುಕೊಂಡರು.

ಡಿಸೆಂಬರ್ ಕೊನೆಗೆ, ಕಂಪ್ಯೂಟರ್ ಪರೀಕ್ಷಿಸಿದ ವಿಧಿವಿಜ್ಞಾನ ಪ್ರಯೋಗಾಲಯದ ಪ್ರಾಥಮಿಕ ವರದಿ ಬಂತು. ಆ ಸಾಫ್ಟ್‌ವೇರ್ ಅಸಲಿಯಲ್ಲ. ಅದರೊಳಗೆ ಅಡಗಿದ್ದ ಇನ್ನೊಂದು ಪ್ರೋಗ್ರಾಂ, ಮನೆಯವರು ಒತ್ತಿದ ಒಂದೊಂದು ಅಕ್ಷರವನ್ನೂ ಹೊರಗೆ ಕಳಿಸುತ್ತಿತ್ತು. ಸಿಂಧುವಿನ ಹೆಸರಿನಲ್ಲಿ ಮೇಲ್‌ಗಳು ಹೋದದ್ದು ಮದನ್‌ನ ಅಂಗಡಿಯ ಇಂಟರ್ನೆಟ್ ಸಂಪರ್ಕದಿಂದ ಎಂದು ಟೆಲಿಫೋನ್ ಕಚೇರಿಯೂ ಖಚಿತಪಡಿಸಿತು.

ಮಾರನೆಯ ದಿನ ಜೀಪು ಟಿ. ನರಸೀಪುರಕ್ಕೆ ಹೋಯಿತು. ಮದನ್ ಓಡಲಿಲ್ಲ, ಕುರ್ಚಿ ಎಳೆದು ಕೂರಲು ಹೇಳಿದ.

“ಯಾಕೆ ಹಾಕಿದೆ ಅದನ್ನ?”

“ಪಾಸ್‌ವರ್ಡ್ ಮರ್ತೋಯ್ತು ಅಂತ ಜನ ಫೋನ್ ಮಾಡೋರು ಸಾ. ಅದ್ಕೇಂತ ಆಕ್ದೆ. ಆಮೇಲೆ ಓದೋದ ಬಿಡಕ್ಕಾಗ್ನಿಲ್ಲ.”

“ಆ ಹುಡುಗಿ ನಿನಗೇನು ಮಾಡಿದ್ಲು?”

“ಏನೂ ಇಲ್ಲ. ನಮ್ಮಕ್ಕನ್ನ ಕೊಟ್ಟ ಮನೇರು ಭಾವನ ಕಾಯ್ಲೆ ಮುಚ್ಚಿಟ್ಟಿದ್ರು ಸಾ. ವರ್ಷ ತುಂಬೋ ಮೊದ್ಲೇ ಭಾವ ಓಗ್ಬುಟ್ರು, ಅಕ್ಕ ವಾಪಸ್ ಬಂದ್ಲು. ಇವ್ರೂ ಅಂಗೇ ಮುಚ್ತಾವ್ರೆ, ಇನ್ನೊಂದು ಮನೆ ಆಳಾಗದು ಬ್ಯಾಡ ಅನ್ಕಂಡೆ.”

“ಮದುವೆ ಹುಡುಗ ಚಿರಂತನನ ಹೇಳಿಕೆ ಈಗ ತಗೊಂಡು ಬಂದೆ,” ಎಂದರು ಗಂಗಾಧರಸ್ವಾಮಿ. “ಹೆಣ್ಣು ನೋಡೋಕೆ ಬಂದ ಮೊದಲ ದಿನವೇ ಹೊಳೆ ಮೆಟ್ಟಿಲ ಮೇಲೆ ಕೂತು ಸಿಂಧು ಅವನಿಗೆ ಎಲ್ಲಾ ಹೇಳಿದ್ದಾಳೆ. ಅವನು ಒಪ್ಪಿದ್ದ. ಅಪ್ಪ ಅಮ್ಮನಿಗೆ ಹೇಳೋಕೆ ಹೊತ್ತು ನೋಡ್ತಿದ್ದ, ಅಷ್ಟರಲ್ಲಿ ನಿನ್ನ ಮೇಲ್ ಬಂತು. ಅಪ್ಪ ಕೂಗಾಡಿದ ಮೇಲೆ ಅವನಿಗೆ ಬಾಯೇ ಬರಲಿಲ್ಲವಂತೆ.”

“ಅವ್ಳು ಯೋಳಿದ್ದು ಯಾವ ಮೇಲ್‌ನಲ್ಲೂ ಇರ್ನಿಲ್ವಲ್ಲಾ ಸಾ,” ಎಂದ ಮದನ್.

ಅವನನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿದರು. ಚಿಕ್ಕಸ್ವಾಮಿ ಅಂಗಡಿ ಬಾಗಿಲಿಗೆ ಸೀಲು ಹಾಕುತ್ತಿದ್ದಾಗ ಮದನ್‌ನ ಅಕ್ಕ ಮಧ್ಯಾಹ್ನದ ಊಟ ಹಿಡಿದು ಬಂದಳು. ತಮ್ಮ ಮಾಡಿದ್ದೇನು ಎಂದು ಕೇಳಿದಳು. ಗಂಗಾಧರಸ್ವಾಮಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.